ಪಿಕಪ್‌ಗೆ ಎಕ್ಸ್‌ಟ್ರಾ ಪ್ಲೇಟ್, ದೊಡ್ಡ ಟೈರ್: ಹಾಕಿಸೋ ಮುಂಚೆ ಇದನ್ನೊಮ್ಮೆ ಓದಿ

ಕೋಲಾರ: ಟೊಮೆಟೊ ಸೀಸನ್ ಶುರುವಾದ್ರೆ ಸಾಕು, ಎಪಿಎಂಸಿ ಮಾರುಕಟ್ಟೆ ಸುತ್ತಮುತ್ತ ಪಿಕಪ್ ಗಾಡಿಗಳದ್ದೇ ಕಾರುಬಾರು. ಅವುಗಳಲ್ಲಿ ಹಿಂಭಾಗ ಎತ್ತರಿಸಿದ, ಕಂಪನಿ ಕೊಟ್ಟಿದ್ದಕ್ಕಿಂತ ದಪ್ಪ ಟೈರ್ ಹಾಕಿಸಿದ ಗಾಡಿಗಳೂ ಕಣ್ಣಿಗೆ ಬೀಳುತ್ತವೆ. ‘ಲೋಡ್ ಹಾಕಿದ್ರೆ ಹಿಂದೆ ಕೂತ್ಕೊಳ್ಳುತ್ತೆ, ಅದಕ್ಕೇ ಎರಡು ಪ್ಲೇಟ್ ಜಾಸ್ತಿ ಹಾಕ್ಸಿದ್ದು’ ಅನ್ನೋದು ಚಾಲಕರ ಮಾಮೂಲಿ ಉತ್ತರ. ಅಮೆರಿಕದಲ್ಲಿ ಪಿಕಪ್ ಮುಂಭಾಗವನ್ನು ಎತ್ತರಿಸಿ ಹಿಂಭಾಗಕ್ಕೆ ಸಮ ಮಾಡುವ ‘ಲೆವೆಲಿಂಗ್ ಕಿಟ್’ ಹೆಚ್ಚಾಗಿ ಶೋಕಿಗೆ. ನಮ್ಮಲ್ಲಿ ಇದು ಹೊಟ್ಟೆಪಾಡಿನ ಲೆಕ್ಕ. ಆದರೆ ಆ ಲೆಕ್ಕ ಎಲ್ಲಿ ತಪ್ಪುತ್ತೆ ಅನ್ನೋದು ಮುಖ್ಯ.

1.7 ಟನ್ ಸಾಮರ್ಥ್ಯದ ಪಿಕಪ್ ಅಂದ್ರೆ 1,700 ಕೆ.ಜಿ. 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಲೆಕ್ಕದಲ್ಲಿ 113 ಬಾಕ್ಸ್, ಅದೂ ಖಾಲಿ ಕ್ರೇಟ್‌ನ ತೂಕ ಬಿಟ್ಟು. 150 ಬಾಕ್ಸ್ ಏರಿಸಿದರೆ 2,250 ಕೆ.ಜಿ. ಪ್ಲೇಟ್ ಹಾಕಿಸಿದ ಮೇಲೆ ಗಾಡಿ ಕೂರುವುದಿಲ್ಲ ನಿಜ. ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿಸ್ ಎಲ್ಲವೂ ಹಳೆಯವೇ. ಪ್ಲೇಟ್‌ನಿಂದ ಗಾಡಿಯ ಶಕ್ತಿ ಹೆಚ್ಚಲ್ಲ, ಓವರ್‌ಲೋಡ್ ಆಗಿರೋದು ಕಣ್ಣಿಗೆ ಕಾಣಲ್ಲ, ಅಷ್ಟೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯ ಬ್ರೇಕ್‌ನಲ್ಲಿದೆ. ಹಲವು ಪಿಕಪ್‌ಗಳಲ್ಲಿ ಚಾಸಿಸ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತೆ. ಅದು ಎಲ್‌ಎಸ್‌ಪಿ ವಾಲ್ವ್‌ನದ್ದು. ಲೋಡ್ ಬಿದ್ದಾಗ ಗಾಡಿ ತಗ್ಗುತ್ತದೆ, ಕಡ್ಡಿ ಸರಿಯುತ್ತದೆ, ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಹೋಗುತ್ತದೆ. ಎಕ್ಸ್‌ಟ್ರಾ ಪ್ಲೇಟ್ ಹಾಕಿದ ಗಾಡಿ ತಗ್ಗುವುದೇ ಕಡಿಮೆ. ಹಾಗಾಗಿ ಎರಡು ಟನ್ ಹೊತ್ತಿದ್ದರೂ ವಾಲ್ವ್ ಪಾಲಿಗೆ ಅದು ಖಾಲಿ ಗಾಡಿ! ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯಲ್ಲ, ಭಾರವೆಲ್ಲ ಮುಂದಿನ ಬ್ರೇಕ್ ಮೇಲೆ. ಚೆನ್ನೈ ಕಡೆ ಲೋಡ್ ಹೊತ್ತು ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಮುಂದಿನ ಬ್ರೇಕ್ ಕಾದು ಕೈಕೊಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಖಾಲಿ ಬರುವಾಗಿನ ಕಥೆಯೇ ಬೇರೆ. ಸ್ಪ್ರಿಂಗ್ ಗಡುಸಾಗಿ ಹಿಂಭಾಗ ಕುಣಿಯುತ್ತೆ, ಮಳೆಯಲ್ಲಿ ಜಾರುತ್ತೆ. ಅರ್ಧ ಲೋಡ್ ಇದ್ದರಂತೂ ಹಣ್ಣು ಕುಲುಕಿ ಜಜ್ಜಿಹೋಗುತ್ತೆ. ಮಂಡಿಯಲ್ಲಿ ಅದರ ನಷ್ಟ ರೈತನಿಗೇ.

ಇನ್ನು ಟೈರ್. 215/75 ಆರ್15 ಟೈರ್‌ನ ಒಟ್ಟು ಎತ್ತರ ಸುಮಾರು 703 ಮಿ.ಮೀ. ಅದರ ಜಾಗಕ್ಕೆ 235/75 ಆರ್15 ಹಾಕಿಸಿದರೆ ಸುಮಾರು 733 ಮಿ.ಮೀ. ಮೀಟರ್‌ನಲ್ಲಿ 60 ತೋರಿಸುವಾಗ ಗಾಡಿ ಅದಕ್ಕಿಂತ ಸುಮಾರು ಎರಡೂವರೆ ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ. ಪಿಕಪ್ ಕೂಡ ಸ್ವಲ್ಪ ಕಡಿಮೆಯಾಗುತ್ತೆ. ಅದಕ್ಕಿಂತ ದೊಡ್ಡ ಸಂಗತಿ ಟೈರ್ ಪಕ್ಕದಲ್ಲಿ ಬರೆದಿರುವ ಲೋಡ್ ಇಂಡೆಕ್ಸ್. 100 ಅಂತಿದ್ದರೆ ಒಂದು ಟೈರ್ ಹೊರುವುದು 800 ಕೆ.ಜಿ., 108 ಇದ್ದರೆ 1,000 ಕೆ.ಜಿ. ನೋಡೋಕೆ ದಪ್ಪಗಿದೆ ಅಂತ ಎಸ್‌ಯುವಿ ಟೈರನ್ನು ಲೋಡ್ ಗಾಡಿಗೆ ಹಾಕಿಸುವವರು ಈ ಸಂಖ್ಯೆ ನೋಡುವುದೇ ಇಲ್ಲ. ಹೊರಗೆ ಚಾಚಿಕೊಂಡ ಅಲಾಯ್ ವೀಲ್ ಹಾಕಿಸಿದರೆ ವೀಲ್ ಬೇರಿಂಗ್ ಬೇಗ ಹೋಗುತ್ತದೆ.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಬದಲಾವಣೆ ಮಾಡಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಓವರ್‌ಲೋಡ್‌ಗೆ ಕಾಯ್ದೆಯಲ್ಲಿರುವ ದಂಡ 20,000 ರೂ., ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂ. ಜಾಸ್ತಿ ಸರಕನ್ನು ಅಲ್ಲೇ ಇಳಿಸಬೇಕು. ಟೊಮೆಟೊ ಗಾಡಿಗೆ ದಂಡಕ್ಕಿಂತ ಅದೇ ದೊಡ್ಡ ಹೊಡೆತ.

ಹಾಗಾದ್ರೆ ಮಾಡೋದೇನು? ಹಿಂಭಾಗ ಕೂತಿದ್ದರೆ ಮೊದಲು ಹಳೆ ಪ್ಲೇಟ್ ಸೆಟ್ ಬಳಲಿದೆಯಾ, ಯಾವುದಾದರೂ ತುಂಡಾಗಿದೆಯಾ ನೋಡಿಸಿ, ಕಂಪನಿ ಅಳತೆಯದ್ದನ್ನೇ ಹಾಕಿಸಿ. ಯು-ಬೋಲ್ಟ್ ಹೊಸದೇ ಇರಲಿ, ಒಂದಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ಟೈಟ್ ಮಾಡಿಸಿ. ಟೈರ್ ಅಳತೆಯನ್ನು ಗಾಡಿಯ ಕೈಪಿಡಿ ನೋಡಿಯೇ ಆರಿಸಿ. ಗಾಳಿ ಎಷ್ಟಿರಬೇಕು ಅನ್ನೋದೂ ಅಲ್ಲೇ ಇರುತ್ತೆ. ಹೂವು 1.6 ಮಿ.ಮೀ.ಗಿಂತ ಕಡಿಮೆಯಾದ ಟೈರ್ ಕಾನೂನಿನಂತೆ ಓಡಿಸುವ ಹಾಗಿಲ್ಲ.

ಎಫ್‌ಸಿ ಹತ್ತಿರ ಬಂದಾಗ ಪ್ಲೇಟ್ ಬಿಚ್ಚಿಸಿ, ಮುಗಿದ ಮೇಲೆ ಮತ್ತೆ ಹಾಕಿಸಿದರೆ ಎಫ್‌ಸಿ ಸಿಗಬಹುದು. ಆದರೆ ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರ್ ನೋಡುವುದು ಆ ಹೊತ್ತಿನ ಗಾಡಿಯನ್ನು. ಈಗಾಗಲೇ ಹಾಕಿಸಿರುವವರು ಪ್ಲೇಟ್ ತೆಗೆಸುವ ದಿನವೇ ಎಲ್‌ಎಸ್‌ಪಿ ವಾಲ್ವ್‌ನ ಕಡ್ಡಿಯನ್ನೂ ಕಂಪನಿ ಸೆಟ್ಟಿಂಗ್‌ಗೆ ತರಿಸಿಕೊಳ್ಳುವುದು ಒಳ್ಳೆಯದು.