ಪರ್ವತವಿಲ್ಲದ ಅಗ್ನಿಪರ್ವತ

ಅಗ್ನಿಪರ್ವತವೆಂದೊಡನೆ ನಮ್ಮ ಮನಸ್ಸಿನ ಮುಂದೆ ನಿಲ್ಲುವುದು ಶಂಕುವಿನ ಆಕಾರದ ಒಂದು ಬೆಟ್ಟ, ಅದರ ನೆತ್ತಿಯ ಮೇಲೊಂದು ಹೊಗೆಯ ಸುರುಳಿ. ಶಾಲೆಯ ಭೂಗೋಳ ಪುಸ್ತಕಗಳು ಕಲಿಸಿಕೊಟ್ಟ ಚಿತ್ರವಿದು. ಚಿತ್ರ ಸುಳ್ಳಲ್ಲ; ಆದರೆ ಅದು ಸಣ್ಣ ಪ್ರಮಾಣದ ಅಗ್ನಿಲೀಲೆಯ ಚಿತ್ರ. ಭೂಮಿ ನಿಜವಾಗಿ ಮಹತ್ತಾದ ಸ್ಫೋಟಕ್ಕೆ ತೊಡಗಿದಾಗ ಬೆಟ್ಟ ಏಳುವುದಿಲ್ಲ. ಇದ್ದ ನೆಲವೇ ಕುಸಿದು ಕೆಳಗಿಳಿಯುತ್ತದೆ. ಉಳಿಯುವುದು ಒಂದು ತಗ್ಗು. ಕೋಟ್ಯಂತರ ವರ್ಷಗಳ ಮಳೆ ಹಿಮಗಳು ಆ ತಗ್ಗಿನ ಅಂಚನ್ನೂ ಸವೆಸಿದ ಮೇಲೆ, ಅಲ್ಲೊಂದು ಅಗ್ನಿಪರ್ವತವಿತ್ತೆಂದು ಗುರುತಿಸುವುದು ಹೇಗೆ?

ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲೊರಾಡೊ ರಾಜ್ಯದ ನೈರುತ್ಯ ಮೂಲೆಯಲ್ಲಿ ಸ್ಯಾನ್ ಹುವಾನ್ ಎಂಬ ಪರ್ವತಸ್ತೋಮವಿದೆ. ಅದರ ಅತ್ಯುನ್ನತ ಶಿಖರವಾದ ಅನ್ಕಂಪಾಗ್ರೆ 4,300 ಮೀಟರುಗಳಿಗೂ ಮಿಕ್ಕಿ ಎದ್ದು ನಿಂತಿದೆ. ಅಲ್ಲಿಯ ಕಲ್ಲು ಅಗ್ನಿಜನ್ಯವಾದುದು. ಆದರೆ ಆ ಶಿಖರ ಅಗ್ನಿಪರ್ವತವಲ್ಲ. ಹಿಮನದಿಗಳೂ ತೊರೆಗಳೂ ಕೊರೆದು ತಿಂದ ಮೇಲೆ ಉಳಿದ ಒಂದು ತುಣುಕು ಅದು. ನಿಜವಾದ ಅಗ್ನಿಮುಖಗಳು ಆ ಶಿಖರಗಳ ನಡುವಣ ಕಣಿವೆಗಳಲ್ಲಿ, ನದಿಯ ತಿರುವುಗಳಲ್ಲಿ ಅಡಗಿವೆ.

ಕಥೆ ಮೊದಲಾಗುವುದು ಸುಮಾರು ಮೂರೂವರೆ ಕೋಟಿ ವರ್ಷಗಳ ಹಿಂದೆ. ಪಶ್ಚಿಮದ ಸಾಗರತಳದ ಒಂದು ಫಲಕ ಉತ್ತರ ಅಮೆರಿಕದ ಅಡಿಗೆ ನುಸುಳಿ, ಬಹಳ ದೂರ ಅಡ್ಡಲಾಗಿ ಚಾಚಿಕೊಂಡಿತ್ತು. ಅದು ಬಾಗಿ ಆಳಕ್ಕೆ ಮುಳುಗತೊಡಗಿದಾಗ, ತೆರವಾದ ಎಡೆಗೆ ಬಿಸಿಯಾದ ಶಿಲಾದ್ರವ್ಯ ಏರಿಬಂದು ಮೇಲಿನ ನೆಲವನ್ನು ಕಾಯಿಸಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಮೊದಲ ಐವತ್ತು ಲಕ್ಷ ವರ್ಷಗಳಲ್ಲಿ ಎದ್ದವು ನಮಗೆ ಪರಿಚಿತವಾದ ಶಂಕುವಿನಾಕಾರದ ಬೆಟ್ಟಗಳೇ. ಈ ಕ್ಷೇತ್ರದ ಶಿಲಾರಾಶಿಯಲ್ಲಿ ಹೆಚ್ಚಿನ ಪಾಲು ಅವುಗಳದು. ಆದರೂ ಅವುಗಳ ಹೆಸರನ್ನು ಯಾರೂ ಹೇಳುವುದಿಲ್ಲ. ಅನಂತರ ಬಂದವುಗಳ ಅಬ್ಬರ ಅಂಥದು.

ನಮ್ಮ ಬೆಳಗಾವಿ, ವಿಜಯಪುರ, ಬೀದರಗಳ ಕರಿಗಲ್ಲನ್ನು ಕಂಡವರಿಗೆ ಇಲ್ಲೊಂದು ಭೇದವನ್ನು ತಿಳಿಸಬೇಕು. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನಲ್ಲಿ ಉಕ್ಕಿದ ಲಾವಾರಸ ತೆಳುವಾದುದು. ನೆಲದ ಬಿರುಕುಗಳಿಂದ ಹೊಮ್ಮಿ ಪದರು ಪದರಾಗಿ ಹರಡಿಕೊಂಡಿತು. ಸ್ಯಾನ್ ಹುವಾನಿನ ಶಿಲಾಪಾಕದಲ್ಲಿ ಸಿಲಿಕ ಹೆಚ್ಚು. ಅಂಥ ಪಾಕ ಮಂದವಾಗಿರುತ್ತದೆ, ತನ್ನೊಳಗಿನ ಆವಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಡೆದು ತಡೆದು ಕೊನೆಗೆ ಒಮ್ಮೆಲೇ ಸಿಡಿಯುತ್ತದೆ. ಸಿಡಿದಾಗ ಅದು ಹರಿಯುವ ಲಾವಾ ಅಲ್ಲ, ಕೆಂಡದಂತೆ ಕಾದ ಬೂದಿ ಮತ್ತು ಅನಿಲಗಳ ಪ್ರವಾಹ. 1902ರಲ್ಲಿ ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯರ್ ಪಟ್ಟಣವನ್ನು ಕೆಲವೇ ನಿಮಿಷಗಳಲ್ಲಿ ಸುಟ್ಟು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡದ್ದು ಇಂಥದೇ ಪ್ರವಾಹ, ಅತಿ ಸಣ್ಣ ಪ್ರಮಾಣದಲ್ಲಿ.

ಅತಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಇಲ್ಲಿ, ಸುಮಾರು 2 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಲಾ ಗರಿಟಾ ಎಂಬಲ್ಲಿ ಹೊರಬಿದ್ದ ಶಿಲಾಪಾಕದ ಮೊತ್ತ ಸುಮಾರು 5,000 ಘನ ಕಿಲೋಮೀಟರ್. 1980ರಲ್ಲಿ ಜಗತ್ತನ್ನೆಲ್ಲ ಬೆರಗುಗೊಳಿಸಿದ ಸೇಂಟ್ ಹೆಲೆನ್ಸ್ ಅಗ್ನಿಪರ್ವತ ಉಗುಳಿದ್ದು ಸುಮಾರು ಒಂದೇ ಘನ ಕಿಲೋಮೀಟರ್ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿದೀತು. ಅಷ್ಟು ದ್ರವ್ಯ ಹೊರಬಿದ್ದೊಡನೆ ಕೆಳಗಿನ ಉಗ್ರಾಣ ಬರಿದಾಯಿತು. ಅದರ ಚಾವಣಿಗೆ ಆಧಾರ ತಪ್ಪಿತು. ಸುತ್ತಲೂ ಬಳೆಯಂತೆ ಬಿರುಕುಬಿಟ್ಟ ನೆಲ ಹಾಗೆಯೇ ಕೆಳಗೆ ಕುಸಿಯಿತು. ಹೀಗೆ ಉಂಟಾದ ಕುಳಿಯನ್ನು ಕಾಲ್ಡೆರಾ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಕೊಪ್ಪರಿಗೆ ಎಂದರ್ಥ. ಲಾ ಗರಿಟಾದ ಕೊಪ್ಪರಿಗೆಯ ಉದ್ದ ಸುಮಾರು 75 ಕಿಲೋಮೀಟರ್, ಅಗಲ 35. ಕುಸಿಯುತ್ತಿದ್ದ ಕುಳಿಯೊಳಕ್ಕೇ ಮರಳಿ ಬಿದ್ದ ಬೂದಿ, ತನ್ನ ಕಾವಿನಿಂದ ತಾನೇ ಬೆಸೆದುಕೊಂಡು, ಒಂದು ಕಿಲೋಮೀಟರಿಗೂ ದಪ್ಪನಾದ ಕಲ್ಲಾಯಿತು.

ಇಷ್ಟು ದೊಡ್ಡ ಘಟನೆ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲವೆಂಬುದೇ ಸೋಜಿಗ. ವಿಟ್ಮನ್ ಕ್ರಾಸ್ ಮತ್ತು ಎಸ್ಪರ್ ಲಾರ್ಸನ್ ಎಂಬ ಭೂವಿಜ್ಞಾನಿಗಳು ಈ ಬೆಟ್ಟಗಳಲ್ಲಿ ದಶಕಗಳ ಕಾಲ ಅಲೆದು ಬರೆದ ದೊಡ್ಡ ಗ್ರಂಥ 1956ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಿಲೆಗಳ ವರ್ಣನೆ ಉಂಟು; ಲಾ ಗರಿಟಾದ ಕಾಲ್ಡೆರಾ ಇಲ್ಲ. ಇದನ್ನು ಅವರ ಕೊರತೆಯೆಂದು ಎಣಿಸುವುದು ಅನ್ಯಾಯವಾದೀತು. ಕುಳಿ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಒಂದೇ ಬೂದಿಗಲ್ಲು ಒಂದೆಡೆ ಇದ್ದಕ್ಕಿದ್ದಂತೆ ಅತಿ ದಪ್ಪವಾಗಿ, ಬಿರುಕಿನ ಆಚೆಗೆ ತೆಳುವಾಗಿ ಇರುವುದನ್ನು ಸೇರಿಸಿ ನೋಡಿ ಊಹಿಸಬೇಕಾದದ್ದು. ಮುಂದೆ ಥಾಮಸ್ ಸ್ಟೀವನ್ ಮತ್ತು ಪೀಟರ್ ಲಿಪ್ಮನ್ ಆ ಕೆಲಸಕ್ಕೆ ಕೈಹಾಕಿದರು. 1976ರಲ್ಲಿ ಈ ಕ್ಷೇತ್ರದ ಕಾಲ್ಡೆರಾಗಳನ್ನೆಲ್ಲ ಒಂದು ವರದಿಯಲ್ಲಿ ಕ್ರಮಗೊಳಿಸಿದರು.

ಆ ಬೂದಿಗಲ್ಲಿನಲ್ಲಿ ಸ್ಯಾನಿಡಿನ್ ಎಂಬ ಹರಳುಗಳಿವೆ. ಪೊಟ್ಯಾಸಿಯಮ್ ಕ್ಷಯಿಸಿ ಆರ್ಗಾನ್ ಆಗುವ ವೇಗದಿಂದ ಶಿಲೆಗಳ ವಯಸ್ಸನ್ನು ಎಣಿಸುವ ಪ್ರಯೋಗಶಾಲೆಗಳಿಗೆ, ವಯಸ್ಸು ಖಚಿತವಾಗಿ ತಿಳಿದ ಒಂದು ಮಾದರಿ ಬೇಕು. ಪರೀಕ್ಷಿಸಬೇಕಾದ ಕಲ್ಲಿನ ಜೊತೆಯಲ್ಲಿ ಅದನ್ನೂ ಇಟ್ಟು ಹೋಲಿಸುತ್ತಾರೆ. ಲಾ ಗರಿಟಾದ ಹರಳು ಅಂಥ ಮಾದರಿಗಳಲ್ಲಿ ಬಹು ಪ್ರಸಿದ್ಧವಾದುದು. ದಖನ್ನಿನ ಕರಿಗಲ್ಲಿನ ವಯಸ್ಸನ್ನು ಕಂಡುಹಿಡಿದದ್ದೂ ಆರ್ಗಾನಿನ ಈ ವಿಧಾನದಿಂದಲೇ. ನೆಲವನ್ನೇ ಅಳಿಸಿದ ಸ್ಫೋಟ ಕಾಲವನ್ನು ಅಳೆಯುವವರ ಕೈಗೆ ಗಡಿಯಾರ ಕೊಟ್ಟಿತು.

ಲಾ ಗರಿಟಾ ಕುಸಿದ ಮೇಲೂ ಬೆಂಕಿ ಆರಲಿಲ್ಲ. ಮುಂದಿನ ಸುಮಾರು ಹದಿನೈದು ಲಕ್ಷ ವರ್ಷಗಳಲ್ಲಿ ಬ್ಯಾಚಲರ್, ಸೌತ್ ರಿವರ್, ಸ್ಯಾನ್ ಲೂಯಿಸ್, ಕ್ರೀಡ್ ಮೊದಲಾದ ಕೊಪ್ಪರಿಗೆಗಳು ಆ ದೊಡ್ಡ ಕೊಪ್ಪರಿಗೆಯ ಎಡೆಯಲ್ಲೇ, ಒಂದನ್ನೊಂದು ಕತ್ತರಿಸಿಕೊಂಡು ಹುಟ್ಟಿದವು. ಇವುಗಳಲ್ಲಿ ಕ್ರೀಡ್ ಇಂದಿಗೂ ತನ್ನ ಆಕಾರವನ್ನು ಚೆನ್ನಾಗಿ ಉಳಿಸಿಕೊಂಡಿದೆ. ಕುಸಿದ ನೆಲ ಕೆಳಗಿನ ಪಾಕದ ಒತ್ತಡದಿಂದ ಹಂಚಿನ ಮೇಲಿನ ರೊಟ್ಟಿಯಂತೆ ನಡುವೆ ಉಬ್ಬಿತು. ಆ ಉಬ್ಬೇ ಸ್ನೋಷೂ ಬೆಟ್ಟ. ಅದರ ಸುತ್ತಲಿನ ಕಂದಕದಲ್ಲಿ ಮೊದಲು ಒಂದು ಸರೋವರ ನಿಂತಿತ್ತು. ಕೆಸರಿನ ತೆಳು ಪದರುಗಳಲ್ಲಿ ಅಂದಿನ ಗಿಡಮರಗಳ ಎಲೆಗಳು ಅಚ್ಚೊತ್ತಿಕೊಂಡಿವೆ. ಈಗ ಅದೇ ಕಂದಕದಲ್ಲಿ ರಿಯೊ ಗ್ರಾಂಡ್ ನದಿ ಬೆಟ್ಟವನ್ನು ಬಳಸಿಕೊಂಡು ಹರಿಯುತ್ತದೆ. ದಡದಲ್ಲಿ ನಿಂತವನಿಗೆ ಅದೊಂದು ಸಾಮಾನ್ಯ ತಿರುವು.

ಆ ಸರೋವರದ ಉಪ್ಪುನೀರು ಬಿರುಕುಗಳಲ್ಲಿ ಇಳಿದು, ಕಾದು, ಮತ್ತೆ ಮೇಲೇರುವಾಗ ಬೆಳ್ಳಿಯನ್ನು ಸಂದುಗಳಲ್ಲಿ ಬಿಟ್ಟುಹೋಯಿತೆಂದು ವಿದ್ವಾಂಸರ ಅಭಿಪ್ರಾಯ. 1890ರ ಸುಮಾರಿಗೆ ನಿಕೋಲಸ್ ಕ್ರೀಡ್ ಎಂಬಾತ ಇಲ್ಲಿ ಅದಿರನ್ನು ಕಂಡ ಮೇಲೆ ಕಮರಿಯ ಬಾಯಲ್ಲಿ ಒಂದು ಊರೇ ಎದ್ದಿತು. ಪಶ್ಚಿಮದ ಸಿಲ್ವರ್ಟನ್ ಕಾಲ್ಡೆರಾದ ಸುತ್ತಲೂ ಇದೇ ಬಗೆ. ಗಣಿಗಾರರಿಗೆ ಕಾಲ್ಡೆರಾ ಎಂಬ ಶಬ್ದ ಬೇಕಿರಲಿಲ್ಲ. ಆದರೆ ಅವರ ಗುದ್ದಲಿ ಹಿಂಬಾಲಿಸಿದ್ದು ಕುಸಿದ ನೆಲದ ಬಿರುಕುಗಳನ್ನೇ.

ಬಿಸಿನೀರು ಬೆಳ್ಳಿಯೊಂದನ್ನೇ ತರಲಿಲ್ಲ. ಗಂಧಕ ಬೆರೆತ ಕಬ್ಬಿಣವನ್ನೂ ತಂದಿತು. ಗಾಳಿನೀರು ತಗುಲಿದೊಡನೆ ಅದು ಆಮ್ಲವಾಗಿ ಕರಗುತ್ತದೆ. 2015ರ ಆಗಸ್ಟ್ 5ರಂದು ಸಿಲ್ವರ್ಟನ್ ಬಳಿಯ ಗೋಲ್ಡ್ ಕಿಂಗ್ ಎಂಬ ಪಾಳುಗಣಿಯ ಬಾಯಿ ಒಡೆದು, ಒಂದು ಕೋಟಿ ಲೀಟರಿಗೂ ಮಿಕ್ಕ ವಿಷಜಲ ಅನಿಮಾಸ್ ನದಿಗೆ ನುಗ್ಗಿತು. ಗಣಿಯನ್ನು ಪರೀಕ್ಷಿಸಲು ಹೋಗಿದ್ದ ಪರಿಸರ ಇಲಾಖೆಯ ತಂಡದ ಕೈಯಿಂದಲೇ ಅದು ಒಡೆದದ್ದು. ನದಿ ದಿನಗಟ್ಟಲೆ ಅರಿಸಿನದ ಬಣ್ಣಕ್ಕೆ ತಿರುಗಿತು. ಕೆಳದಂಡೆಯ ನವಾಹೊ ಜನ ತಮ್ಮ ಹೊಲಗಳಿಗೆ ಹಾಯುವ ನೀರನ್ನು ತಡೆಯಬೇಕಾಯಿತು. ಮರುವರ್ಷ ಆ ಗಣಿಪ್ರದೇಶ ಸರಕಾರದ ಶುದ್ಧೀಕರಣದ ಪಟ್ಟಿಗೆ ಸೇರಿತು.

ಆದರೆ ಎಲ್ಲಿಯವರೆಗೆ ಶುದ್ಧಗೊಳಿಸಬೇಕು? ಅಲ್ಲಿಯ ಸಿಮೆಂಟ್ ತೊರೆಯ ದಡದಲ್ಲಿ ಜಲ್ಲಿಕಲ್ಲುಗಳು ತುಕ್ಕಿನಿಂದ ಬೆಸೆದು ಗಟ್ಟಿಯಾಗಿವೆ. ತೊರೆಗೆ ಆ ಹೆಸರು ಬಂದದ್ದೂ ಅದರಿಂದಲೇ. ಆ ತುಕ್ಕಿನಲ್ಲಿ ಸಿಕ್ಕಿಕೊಂಡ ಮರದ ಚೂರುಗಳು ಸಾವಿರಾರು ವರ್ಷ ಹಳೆಯವು. ಗುದ್ದಲಿ ಹಿಡಿದವನು ಬರುವ ಎಷ್ಟೋ ಮುನ್ನವೇ ಆ ನೀರು ಹುಳಿಯಾಗಿತ್ತು. ಬೆಟ್ಟದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಈಗ ತೊರೆತೊರೆಯಲ್ಲಿ ಅಳೆದು ಬೇರ್ಪಡಿಸಬೇಕಾಗಿದೆ.