ವಿದೇಶದಲ್ಲಿ ವೈದ್ಯಕೀಯ ವ್ಯಾಸಂಗ: ‘ಪ್ರೀ-ಮೆಡಿಕಲ್’ ಕೋರ್ಸ್ ಹಾಗೂ ವಿಶ್ವವಿದ್ಯಾನಿಲಯದ ಆಯ್ಕೆ ಕುರಿತು ಪೋಷಕರು ಮತ್ತು ವಿದ್ಯಾರ್ಥಿಗಳು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ದ್ವಿತೀಯ ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾಗಿ, ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿದ್ದರೂ ಸರ್ಕಾರಿ ಸೀಟು ದೊರೆಯದ ಹಾಗೂ ಖಾಸಗಿ ಕಾಲೇಜಿನ ಶುಲ್ಕ ಭರಿಸಲಾಗದ ವಿದ್ಯಾರ್ಥಿಗಳಲ್ಲಿ ಅನೇಕರು ವಿದೇಶಿ ವಿಶ್ವವಿದ್ಯಾನಿಲಯಗಳತ್ತ ಮುಖ ಮಾಡುತ್ತಾರೆ. ಇಂತಹ ಸಂದರ್ಭದಲ್ಲಿ ಶುಲ್ಕ, ವಸತಿ, ಊಟದ ವ್ಯವಸ್ಥೆಗಳ ಬಗ್ಗೆ ವಿಚಾರಿಸುವುದು ಸಹಜ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಪದವಿಯೊಂದಿಗೆ ಹಿಂದಿರುಗುವ ವಿದ್ಯಾರ್ಥಿಯು ಭಾರತದಲ್ಲಿ ವೈದ್ಯರಾಗಿ ನೋಂದಣಿ ಪಡೆಯಲು ಸಾಧ್ಯವೇ ಎಂಬುದೇ ಆ ಪ್ರಶ್ನೆ. ವ್ಯಾಸಂಗ ಮುಗಿದ ನಂತರ ಕಂಡುಬರುವ ಕೊರತೆಯನ್ನು ಸರಿಪಡಿಸುವ ಅವಕಾಶ ಬಹುಮಟ್ಟಿಗೆ ಇರುವುದಿಲ್ಲ. ಆದುದರಿಂದ ಪ್ರವೇಶಕ್ಕೆ ಮುನ್ನವೇ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಅತ್ಯವಶ್ಯಕ.

‘ಪ್ರೀ-ಮೆಡಿಕಲ್’ ಎಂದರೇನು?

ಭಾರತದಲ್ಲಿ ಪಿ.ಯು.ಸಿ. ನಂತರ ನೇರವಾಗಿ ಎಂ.ಬಿ.ಬಿ.ಎಸ್. ಕೋರ್ಸಿಗೆ ಪ್ರವೇಶ ದೊರೆಯುತ್ತದೆ. ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿದ್ಯಾರ್ಥಿಯು ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿ ಪೂರೈಸಿ, ಎಂಕ್ಯಾಟ್ ಪರೀಕ್ಷೆ ಬರೆದು, ತದನಂತರ ನಾಲ್ಕು ವರ್ಷಗಳ ವೈದ್ಯಕೀಯ ಕೋರ್ಸಿಗೆ ಅರ್ಜಿ ಸಲ್ಲಿಸಬೇಕು. ಅಲ್ಲಿ ‘ಪ್ರೀ-ಮೆಡ್’ ಎಂಬುದು ಪ್ರತ್ಯೇಕ ಪದವಿಯಲ್ಲ; ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮುಂತಾದ ವಿಷಯಗಳನ್ನು ಪ್ರಯೋಗಾಲಯ ಸಹಿತ ಪೂರೈಸುವ ಸಿದ್ಧತೆ ಮಾತ್ರ. ಈ ಪದವಿ ಪಡೆದ ಮಾತ್ರಕ್ಕೆ ವೈದ್ಯಕೀಯ ಸೀಟು ದೊರೆಯುವುದಿಲ್ಲ. ಅಲ್ಲಿನ ಅನೇಕ ವೈದ್ಯಕೀಯ ಕಾಲೇಜುಗಳು ವಿದೇಶಿ ಪ್ರಜೆಗಳ ಅರ್ಜಿಯನ್ನೇ ಸ್ವೀಕರಿಸುವುದಿಲ್ಲ ಎಂಬುದನ್ನು ಗಮನದಲ್ಲಿಡತಕ್ಕದ್ದು.

ಫಿಲಿಪ್ಪೀನ್ಸ್ ದೇಶದಲ್ಲಿಯೂ ಬಿ.ಎಸ್. ಎಂಬ ಪೂರ್ವಭಾವಿ ಪದವಿಯ ನಂತರ ಎಂ.ಡಿ. ಕೋರ್ಸ್ ನಡೆಸುವ ಪದ್ಧತಿ ಬೆಳೆದುಬಂದಿದೆ. ಇದು ನಮ್ಮಲ್ಲಿನ ಸ್ನಾತಕೋತ್ತರ ಎಂ.ಡಿ. ಅಲ್ಲ, ಅಲ್ಲಿನ ಮೂಲ ವೈದ್ಯ ಪದವಿಯ ಹೆಸರೇ ಎಂ.ಡಿ. ಈ ಬಿ.ಎಸ್. ಪದವಿಯನ್ನು ಎಂ.ಬಿ.ಬಿ.ಎಸ್.ಗೆ ಸಮಾನವೆಂದು ಪರಿಗಣಿಸಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಸ್ಪಷ್ಟಪಡಿಸಿದೆ. ಕೆರಿಬಿಯನ್ ದ್ವೀಪಗಳ ಹಲವು ಸಂಸ್ಥೆಗಳು ಸಹ ಪ್ರೀ-ಮೆಡಿಕಲ್ ಅವಧಿಯೊಂದಿಗೆ ಪ್ರವೇಶ ನೀಡುತ್ತವೆ.

ತಿಂಗಳುಗಳ ಲೆಕ್ಕ

18-11-2021ರಂದು ಪ್ರಕಟವಾದ ವಿದೇಶಿ ವೈದ್ಯಕೀಯ ಪದವೀಧರರ ನಿಯಮಾವಳಿಯಂತೆ, ಭಾರತದಲ್ಲಿ ನೋಂದಣಿ ಬಯಸುವವರು ಮುಖ್ಯವಾಗಿ ಈ ಷರತ್ತುಗಳನ್ನು ಪೂರೈಸಬೇಕು:

1. ವೈದ್ಯಕೀಯ ಕೋರ್ಸಿನ ಅವಧಿ ಕನಿಷ್ಠ 54 ತಿಂಗಳು ಇರಬೇಕು. ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು.
2. ಅದೇ ವಿದೇಶಿ ಸಂಸ್ಥೆಯಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಷಿಪ್ ಪೂರೈಸಿರಬೇಕು.
3. ಕ್ಲಿನಿಕಲ್ ತರಬೇತಿಯ ಯಾವುದೇ ಭಾಗವನ್ನು ಭಾರತದಲ್ಲಾಗಲಿ, ಬೇರೊಂದು ದೇಶದಲ್ಲಾಗಲಿ ಪಡೆದಿರಬಾರದು.
4. ಪದವಿ ನೀಡಿದ ದೇಶದಲ್ಲಿ, ಆ ದೇಶದ ಪ್ರಜೆಗೆ ಸಮಾನವಾಗಿ ವೈದ್ಯ ವೃತ್ತಿ ನಡೆಸಲು ಅರ್ಹತೆ ಇರಬೇಕು.
5. ಭಾರತಕ್ಕೆ ಮರಳಿದ ನಂತರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಇಲ್ಲಿಯೂ 12 ತಿಂಗಳ ಇಂಟರ್ನ್‌ಷಿಪ್ ಮಾಡಬೇಕು.
6. ಕೋರ್ಸಿಗೆ ಸೇರಿದ 10 ವರ್ಷಗಳೊಳಗೆ ಇವೆಲ್ಲವೂ ಪೂರ್ಣಗೊಳ್ಳಬೇಕು.

54 ತಿಂಗಳು ಎಂಬುದು ನಮ್ಮ ಎಂ.ಬಿ.ಬಿ.ಎಸ್.ನ ನಾಲ್ಕೂವರೆ ವರ್ಷಗಳಿಗೆ ಸಮನಾದ ಅವಧಿ. ‘ಒಟ್ಟು ಆರು ವರ್ಷಗಳ ಕೋರ್ಸ್’ ಎಂದು ಕರಪತ್ರದಲ್ಲಿ ಮುದ್ರಿಸಿದ್ದರೂ, ಅದರಲ್ಲಿ ಎರಡು ವರ್ಷ ಪ್ರೀ-ಮೆಡಿಕಲ್ ಆಗಿದ್ದಲ್ಲಿ ಉಳಿಯುವುದು ನಾಲ್ಕು ವರ್ಷ, ಅಂದರೆ 48 ತಿಂಗಳು ಮಾತ್ರ. ಆರು ತಿಂಗಳ ಈ ಕೊರತೆಯಿಂದ ಇಡೀ ವ್ಯಾಸಂಗವೇ ಭಾರತದಲ್ಲಿ ನಿರುಪಯುಕ್ತವಾಗಬಹುದು. ಅದೇ ರೀತಿ ಕೆರಿಬಿಯನ್ ಸಂಸ್ಥೆಯಲ್ಲಿ ಪಾಠ ಕಲಿತು ಆಸ್ಪತ್ರೆಯ ತರಬೇತಿಯನ್ನು ಅಮೆರಿಕದಲ್ಲಿ ಪಡೆಯುವ ಏರ್ಪಾಡು ಆಕರ್ಷಕವಾಗಿ ಕಂಡರೂ, ಮೂರನೇ ಷರತ್ತಿಗೆ ವಿರುದ್ಧವಾಗುತ್ತದೆ.

ಮಾನ್ಯತೆಯ ಬಗ್ಗೆ ತಪ್ಪು ಕಲ್ಪನೆ

‘ರಾಷ್ಟ್ರೀಯ ವೈದ್ಯಕೀಯ ಆಯೋಗದಿಂದ ಮಾನ್ಯತೆ ಪಡೆದ ವಿದೇಶಿ ವಿಶ್ವವಿದ್ಯಾನಿಲಯ’ ಎಂಬ ಜಾಹೀರಾತು ಕಂಡುಬಂದಲ್ಲಿ ಎಚ್ಚರ ವಹಿಸತಕ್ಕದ್ದು. ಆಯೋಗವು ವಿದೇಶಿ ಕಾಲೇಜುಗಳ ಅನುಮೋದಿತ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಷರತ್ತುಗಳನ್ನು ಪೂರೈಸಿರುವ ಬಗ್ಗೆ ಪ್ರತಿ ಅಭ್ಯರ್ಥಿಯ ದಾಖಲೆಗಳನ್ನು ನೋಡಲಾಗುತ್ತದೆ. ವಿಶ್ವ ವೈದ್ಯಕೀಯ ಶಾಲೆಗಳ ಕೈಪಿಡಿಯಲ್ಲಿ ಸಂಸ್ಥೆಯ ಹೆಸರಿರುವುದು ಅದರ ಅಸ್ತಿತ್ವದ ಮಾಹಿತಿಯೇ ಹೊರತು ಗುಣಮಟ್ಟದ ಪ್ರಮಾಣಪತ್ರವಲ್ಲ.

‘ನೀಟ್ ಅಗತ್ಯವಿಲ್ಲ’ ಎಂಬ ಭರವಸೆಯೂ ಅಪಾಯಕಾರಿ. ವಿದೇಶದಲ್ಲಿ ಓದಿ ಭಾರತದಲ್ಲಿ ವೃತ್ತಿ ನಡೆಸಲು ಇಚ್ಛಿಸುವವರಿಗೆ 2018ರಿಂದ ನೀಟ್ ಅರ್ಹತೆ ಕಡ್ಡಾಯವಾಗಿದ್ದು, ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಇದನ್ನು ಎತ್ತಿಹಿಡಿದಿದೆ.

ತರಗತಿಯ ಭಾಷೆ, ರೋಗಿಯ ಭಾಷೆ

ಬೋಧನೆ ಇಂಗ್ಲಿಷಿನಲ್ಲಿದ್ದರೂ ಆಸ್ಪತ್ರೆಗೆ ಬರುವ ರೋಗಿಯು ರಷ್ಯನ್, ಚೀನೀ ಅಥವಾ ಜಾರ್ಜಿಯನ್ ಭಾಷೆಯಲ್ಲಿಯೇ ತನ್ನ ನೋವನ್ನು ಹೇಳಿಕೊಳ್ಳುತ್ತಾನೆ. ಆ ಭಾಷೆ ತಿಳಿಯದ ವಿದ್ಯಾರ್ಥಿಗೆ ರೋಗಿಯನ್ನು ವಿಚಾರಿಸಿ, ಪರೀಕ್ಷಿಸಿ ಕಲಿಯುವ ಅವಕಾಶ ಕಡಿಮೆಯಾಗುತ್ತದೆ. ಆದುದರಿಂದ ವಿಶ್ವವಿದ್ಯಾನಿಲಯಕ್ಕೆ ಸ್ವಂತ ಬೋಧನಾ ಆಸ್ಪತ್ರೆ ಇದೆಯೇ, ವಿದೇಶಿ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಪ್ರವೇಶವಿದೆಯೇ, ಸ್ಥಳೀಯ ಭಾಷೆ ಕಲಿಸುವ ವ್ಯವಸ್ಥೆ ಇದೆಯೇ ಎಂಬುದನ್ನು ವಿಚಾರಿಸಬೇಕು.

ಇದರ ಪರಿಣಾಮ ಅರ್ಹತಾ ಪರೀಕ್ಷೆಯಲ್ಲಿ ಕಂಡುಬರುತ್ತದೆ. 2002ರಿಂದ ನಡೆಯುತ್ತಿರುವ ಎಫ್.ಎಂ.ಜಿ.ಇ. ಪರೀಕ್ಷೆಯಲ್ಲಿ 300 ಅಂಕಗಳಿಗೆ 150 ಅಂಕ ಗಳಿಸಬೇಕು. ಪರೀಕ್ಷೆಗೆ ಹಾಜರಾಗುವವರಲ್ಲಿ ಉತ್ತೀರ್ಣರಾಗದವರೇ ಹೆಚ್ಚು. ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಪ್ರಕಟಿಸಿರುವ ಸಂಸ್ಥಾವಾರು ಫಲಿತಾಂಶದಲ್ಲಿ ತಾವು ಆಯ್ಕೆ ಮಾಡುವ ವಿಶ್ವವಿದ್ಯಾನಿಲಯದಿಂದ ಎಷ್ಟು ಮಂದಿ ಹಾಜರಾಗಿದ್ದರು, ಎಷ್ಟು ಮಂದಿ ಉತ್ತೀರ್ಣರಾದರು ಎಂಬುದನ್ನು ನೋಡುವುದು ಯಾವುದೇ ಜಾಹೀರಾತಿಗಿಂತ ಹೆಚ್ಚು ಉಪಯುಕ್ತ.

ವೆಚ್ಚದ ಅಂದಾಜು

ಶುಲ್ಕವು ಡಾಲರಿನಲ್ಲಿದ್ದಲ್ಲಿ ವಿನಿಮಯ ದರದ ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉದಾಹರಣೆಗೆ, ವಾರ್ಷಿಕ ಶುಲ್ಕ 6,000 ಡಾಲರ್ ಇದ್ದು, ಡಾಲರಿನ ಬೆಲೆ ರೂ. 80ರಿಂದ ರೂ. 88ಕ್ಕೆ ಏರಿದರೆ, ವಿಶ್ವವಿದ್ಯಾನಿಲಯವು ಶುಲ್ಕ ಹೆಚ್ಚಿಸದಿದ್ದರೂ ಪೋಷಕರು ವರ್ಷಕ್ಕೆ ರೂ. 48,000 ಅಧಿಕವಾಗಿ ಪಾವತಿಸಬೇಕಾಗುತ್ತದೆ.

ಶೈಕ್ಷಣಿಕ ಸಾಲದ ಮರುಪಾವತಿಯು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷದ ನಂತರ ಆರಂಭವಾಗುತ್ತದೆ. ಆದರೆ ಆ ವೇಳೆಗೆ ವಿದ್ಯಾರ್ಥಿಯು ಅರ್ಹತಾ ಪರೀಕ್ಷೆಯ ಸಿದ್ಧತೆಯಲ್ಲಿಯೋ ಇಂಟರ್ನ್‌ಷಿಪ್‌ನಲ್ಲಿಯೋ ಇರುವ ಸಂಭವವೇ ಹೆಚ್ಚು. ಕಂತು ಆರಂಭವಾಗಿ, ಸಂಪಾದನೆ ಆರಂಭವಾಗದ ಈ ಅವಧಿಯ ಹೊರೆಯನ್ನು ಜಮೀನು ಅಥವಾ ಮನೆ ಅಡವಿಡುವ ಮುನ್ನವೇ ಪೋಷಕರು ಯೋಚಿಸಬೇಕು.

ದೇಶದ ಪರಿಸ್ಥಿತಿಯೂ ಮುಖ್ಯ. 2020ರಲ್ಲಿ ಕೋವಿಡ್ ಕಾರಣದಿಂದ ಚೀನಾದಿಂದ, 2022ರಲ್ಲಿ ಯುದ್ಧದ ಕಾರಣದಿಂದ ಉಕ್ರೇನಿನಿಂದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ವ್ಯಾಸಂಗ ಮೊಟಕುಗೊಳಿಸಿ ಮರಳಬೇಕಾಯಿತು. ಉಕ್ರೇನಿನಲ್ಲಿ ಕರ್ನಾಟಕದ ವಿದ್ಯಾರ್ಥಿಯೊಬ್ಬರು ಪ್ರಾಣ ಕಳೆದುಕೊಂಡರು.

ಹಣ ಪಾವತಿಸುವ ಮುನ್ನ

ಕೋರ್ಸಿನ ಒಟ್ಟು ತಿಂಗಳುಗಳು ಹಾಗೂ ಅದರಲ್ಲಿ ಪ್ರೀ-ಮೆಡಿಕಲ್ ಅವಧಿ, ಬೋಧನಾ ಮಾಧ್ಯಮ, ಇಂಟರ್ನ್‌ಷಿಪ್ ನಡೆಯುವ ಆಸ್ಪತ್ರೆ ಹಾಗೂ ಆ ದೇಶದಲ್ಲಿ ವೃತ್ತಿ ಪರವಾನಗಿ ದೊರೆಯುವ ವಿಧಾನ – ಈ ನಾಲ್ಕು ವಿಷಯಗಳ ಬಗ್ಗೆ ವಿಶ್ವವಿದ್ಯಾನಿಲಯದಿಂದಲೇ ಲಿಖಿತ ಉತ್ತರ ಪಡೆಯಬೇಕು. ಮಧ್ಯವರ್ತಿಯ ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾನಿಲಯದ ಖಾತೆಗೆ ಪಾವತಿಸಿ ರಸೀದಿ ಪಡೆಯತಕ್ಕದ್ದು. ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನೂ ಓದಿಕೊಳ್ಳುವುದು ಒಳಿತು.

ಲಿಖಿತ ಉತ್ತರ ನೀಡಲು ಹಿಂಜರಿಯುವ ಸಂಸ್ಥೆಯನ್ನು ಕೈಬಿಡುವುದೇ ಲೇಸು. ಒಂದು ವರ್ಷ ಕಾದು ಮತ್ತೊಮ್ಮೆ ನೀಟ್ ಬರೆಯುವುದರಿಂದ ಒಂದು ವರ್ಷ ಹೋಗಬಹುದು. ಅನರ್ಹ ಪದವಿಯಿಂದ ಆರು ವರ್ಷ ಹಾಗೂ ಕುಟುಂಬದ ಉಳಿತಾಯವೆರಡೂ ಹೋಗುತ್ತವೆ. ಪೋಷಕರು ಹಾಗೂ ವಿದ್ಯಾರ್ಥಿಗಳು ಈ ಅಂಶಗಳನ್ನು ಪರಿಶೀಲಿಸಿ ಸೂಕ್ತ ನಿರ್ಧಾರ ಕೈಗೊಳ್ಳಬೇಕೆಂದು ಕೋರಲಾಗಿದೆ.