ಅರವತ್ತರ ಮೇಲೆ ಲೇಖನಿ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಯಾರು ಕಟ್ಟಿದರೋ ತಿಳಿಯದು. ಅವರು ಮೇಷ್ಟರಾಗಿರಲಿಲ್ಲವೆಂದು ಮಾತ್ರ ಊಹಿಸಬಹುದು. ಮೂವತ್ತು ನಲವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಮಾತನಾಡಿದವರಿಗೆ ನಿವೃತ್ತಿಯ ಮರುದಿನ ಬರುವುದು ಅರಳುಮರಳಲ್ಲ, ಮೌನ. ಶಾಲೆಯ ಗಂಟೆ ಇಲ್ಲ, ತಿದ್ದಲು ಉತ್ತರಪತ್ರಿಕೆಗಳಿಲ್ಲ. ಉಪ್ಪಲಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡದ ಮನೆಗಳಲ್ಲಿ ಈ ಮೌನ ಇನ್ನೊಂದು ಪಟ್ಟು ಹೆಚ್ಚು. ಬೀದಿಯಲ್ಲಿ ತೆಲುಗು, ಮೊಮ್ಮಕ್ಕಳ ಬಾಯಲ್ಲಿ ಇಂಗ್ಲಿಷು. ಕನ್ನಡಕ್ಕೆ ಉಳಿದದ್ದು ಅಡಿಗೆಮನೆ ಮತ್ತು ಊರಿನಿಂದ ಬರುವ ಫೋನು.

“ಇನ್ನು ಹೊತ್ತು ಕಳೆಯುವುದು ಹೇಗೆ?” ಎನ್ನುವ ಹಿರಿಯರಿಗೆ ನಾವು ಹೇಳುವುದು ಇಷ್ಟೆ: ಒಂದು ಪುಸ್ತಕ ಬರೆಯಿರಿ.

ಇದು ಹಾಸ್ಯದ ಮಾತಲ್ಲ. ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ನಿವೃತ್ತರಾದರು. ಆಮೇಲೆ ಅವರು ಬದುಕಿದ್ದು 48 ವರ್ಷ. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವಯಸ್ಸು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದ ಈ ಹಿರಿಯರು, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನೂ ನಡೆಸಿದರು. ಓದುಗರು ಪದಗಳ ಬಗ್ಗೆ ಪ್ರಶ್ನೆ ಕೇಳುವುದು, ಇವರು ಉತ್ತರಿಸುವುದು. ಅದೇ ಮುಂದೆ ಪುಸ್ತಕವೂ ಆಯಿತು. ಯೋಚಿಸಿ ನೋಡಿದರೆ ಇದು ತರಗತಿಯೇ ಅಲ್ಲವೆ? ಗೋಡೆಗಳು ಮಾತ್ರ ಇರಲಿಲ್ಲ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ. ಎನ್. ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ. ‘ಚಿತ್ರಗಳು–ಪತ್ರಗಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1979ರಲ್ಲಿ. ‘ದೇವರು’ ಎಂಬ ಪುಸ್ತಕ ಹೊರಬಂದದ್ದು 1991ರಲ್ಲಿ. ತೊಂಬತ್ತು ದಾಟಿದವರೊಬ್ಬರು ದೇವರ ಅಸ್ತಿತ್ವವನ್ನೇ ಶಾಂತವಾಗಿ ಪ್ರಶ್ನಿಸಿ ಬರೆದರು. ನಾಡು ಓದಿತು, ಚರ್ಚಿಸಿತು. ಈ ಇಬ್ಬರೂ ಉದ್ಯೋಗದಲ್ಲಿದ್ದಾಗಲೂ ಬರೆಯುತ್ತಿದ್ದರೆಂಬುದು ನಿಜ. ಆದರೆ ಮಾಗಿದ ಹಣ್ಣು ದೊರೆತದ್ದು ವಿಶ್ರಾಂತಿಯ ಕಾಲದಲ್ಲಿ.

ಅವರೆಲ್ಲ ದೊಡ್ಡವರು, ನಾವು ಬರೆಯುವುದೇನಿದೆ ಎಂದು ಕೇಳಬಹುದು. ನಮ್ಮವರು ಬರೆಯದಿದ್ದರೆ ಇನ್ನಾರೂ ಬರೆಯಲಾರದ ವಿಷಯವೊಂದು ಇಲ್ಲಿಯೇ ಇದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಗುಲ್ಬರ್ಗ, ರಾಯಚೂರು ಮೈಸೂರಿಗೆ ಸೇರಿದವು, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಪ್ರದೇಶಕ್ಕೆ. ರಾಜಧಾನಿಯಲ್ಲಿದ್ದ ಕನ್ನಡಿಗರು ಮನೆ ಬದಲಿಸದೆಯೇ ಬೇರೆ ಭಾಷೆಯ ರಾಜ್ಯದವರಾದರು. ಆಗ ಹತ್ತು ವರ್ಷದ ಮಕ್ಕಳಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಉರ್ದುವಿನಲ್ಲಿ ಓದಿದ ತಂದೆ, ಮನೆಯಲ್ಲಿ ಕನ್ನಡ ಕಲಿಸಿದ ತಾಯಿ, ಶಾಲೆಗೆ ಮಕ್ಕಳನ್ನು ಕೂಡಿಸಲು ಮನೆಮನೆ ತಿರುಗಿದ ಮೇಷ್ಟರು, ಇವರ ಸುದ್ದಿ ಸರಕಾರದ ಕಡತದಲ್ಲಿ ಸಿಕ್ಕದು. ಹೇಳುವವರು ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಉಪಾಧ್ಯಾಯ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ‘ದುಡಿತವೆ ನನ್ನ ದೇವರು’ ಎಂಬ ಆತ್ಮಕಥೆಯನ್ನು ಬಿಟ್ಟುಹೋದರು. ಉಪ್ಪಲಿನ ಮೇಷ್ಟರು ಏನು ಬಿಟ್ಟುಹೋಗುತ್ತಾರೆ?

ಇನ್ನು ಕೆಲಸದ ಮಾತು. ಪುಸ್ತಕವನ್ನು ಫಾರಂ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಸಾಮಾನ್ಯವಾಗಿ ಒಂದು ಫಾರಂ ಎಂದರೆ 16 ಪುಟ. ಎಂಟು ಫಾರಂ ಆದರೆ 128 ಪುಟದ ಪುಸ್ತಕ. ದಿನಕ್ಕೆ ಒಂದೇ ಪುಟ ಬರೆದರೂ ನಾಲ್ಕು ತಿಂಗಳ ಮೇಲೆ ಒಂದು ವಾರಕ್ಕೆ ಕರಡು ಸಿದ್ಧ. ಹನಿಗೂಡಿದರೆ ಹಳ್ಳ. ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಎಲ್ಲಿ ಅವರು ಆಕಳಿಸುವರೋ ಅಲ್ಲಿ ಉಪದೇಶ ಹೆಚ್ಚಾಗಿದೆ ಎಂದರ್ಥ. ಪಾಠ ಹೇಳುವ ಚಾಳಿ ಮೇಷ್ಟರ ಕೈಬಿಡುವುದು ಕಷ್ಟ. ನಡೆದದ್ದನ್ನು ನಡೆದಂತೆ ಬರೆದರೆ ಸಾಕು, ನೀತಿಯನ್ನು ಓದುಗ ತಾನೇ ತೆಗೆದುಕೊಳ್ಳುತ್ತಾನೆ. ಕರಡಚ್ಚನ್ನು ಬೇರೆಯವರಿಂದ ತಿದ್ದಿಸಿ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳದು.

ಹಣದಲ್ಲಿ ಎಚ್ಚರಿಕೆ ಬೇಕು. ಪುಸ್ತಕಕ್ಕೆ ಕೊಡುವ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ಅದಕ್ಕೆಂದು ಶುಲ್ಕ ಕೇಳುವವರನ್ನು ದೂರವಿಡಿ. ಈಗಿನ ಡಿಜಿಟಲ್ ಮುದ್ರಣದಲ್ಲಿ ನೂರೇ ಪ್ರತಿ ಅಚ್ಚುಹಾಕಿಸಲು ಬರುತ್ತದೆ. ಸಾವಿರ ಪ್ರತಿ ಹಾಕಿಸಿ ಅಟ್ಟದ ಮೇಲೆ ಪೇರಿಸುವುದಕ್ಕಾಗಿ ಗಳಿಕೆಯ ಹಣವನ್ನು ಮುರಿಯಬೇಡಿ.

“ಮೊಮ್ಮಕ್ಕಳಿಗೆ ಕನ್ನಡ ಓದಲು ಬರದು, ಯಾರಿಗಾಗಿ ಬರೆಯಲಿ?” ಎಂಬ ಪ್ರಶ್ನೆ ಎಲ್ಲಕ್ಕಿಂತ ಭಾರವಾದದ್ದು. ಅದಕ್ಕೂ ದಾರಿಯುಂಟು. 2018ರ ಕಾಯಿದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯದ ವಿಷಯ. ಕನ್ನಡ, ತೆಲುಗು ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ತೆಲುಗು ಬಲ್ಲ ಮಗು ಕನ್ನಡದ ಅಕ್ಷರಗಳನ್ನು ಬೇಗನೆ ಗುರುತಿಸುತ್ತದೆ. ಅಜ್ಜ ಬರೆದ ಪುಟವನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುವ ಕೆಲಸವನ್ನು ಮೊಮ್ಮಗಳಿಗೇ ಒಪ್ಪಿಸಿ. ಎಂಟು ಫಾರಂ ಮುಗಿಯುವಷ್ಟರಲ್ಲಿ ಅಜ್ಜನ ಪುಸ್ತಕವೂ ಆಗಿರುತ್ತದೆ, ಅದನ್ನು ಓದಬಲ್ಲ ಒಬ್ಬಳು ಮನೆಯಲ್ಲಿ ತಯಾರಾಗಿಯೂ ಇರುತ್ತಾಳೆ.